ಅಲೈನ್‌ಮೆಂಟ್ ರಿಪೋರ್ಟ್ ಪೂರ್ತಿ ಹಸಿರು, ಆದರೂ ಹಿಂದಿನ ಟೈರ್‌ಗಳು ಒಳಗಡೆ ಮಾತ್ರ ಸವೆಯುವುದು ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು. ಹಿಂದಿನ ಓನರ್ ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸಿದ್ದಾರೆ. ಹಿಂದಿನ ಎರಡೂ ಟೈರ್‌ಗಳ ಒಳ ಅಂಚು ತಂತಿ ಕಾಣುವಷ್ಟು ಸವೆದಿದೆ, ಹೊರಗಿನಿಂದ ನೋಡಿದರೆ ಇನ್ನೂ ಒಂದು ವರ್ಷ ಓಡುವ ಹಾಗಿದೆ. ಅಂಗಡಿಯವರು ‘ಅಲೈನ್‌ಮೆಂಟ್ ಎಲ್ಲಾ ಗ್ರೀನ್ ಇದೆ ಸಾರ್, ಕ್ಯಾಂಬರ್ ಕಿಟ್ ಹಾಕಿಸ್ಬಿಡಿ’ ಅಂದಿದ್ದಾರೆ. ಹಾಕಿಸಬೇಕಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಮೊದಲು ಹಿಂದಿನ ಚಕ್ರಗಳ ಟೋ ನೋಡಿಸಿ. ಇನ್ನೊಂದು ಮಾತು: ತಂತಿ ಕಂಡ ಟೈರ್ ಇಟ್ಟುಕೊಂಡು ನೈಸ್ ರೋಡಿನಂಥ ಸ್ಪೀಡ್ ರಸ್ತೆಗೆ ಹೋಗಬೇಡಿ. ಅದನ್ನು ಸ್ಟೆಪ್ನಿ ಮಾಡಿ ಇಟ್ಟುಕೊಳ್ಳುವ ಆಸೆಯೂ ಬೇಡ.

ನಾನು ಬೆಂಗಳೂರಲ್ಲೇ ಸಸ್ಪೆನ್ಷನ್, ಅಲೈನ್‌ಮೆಂಟ್ ಕೆಲಸ ಮಾಡುವವನು. ಒಳ ಅಂಚು ಸವೆದ ಕಾರು ಬಂದಾಗೆಲ್ಲ ಓನರ್ ಬಾಯಲ್ಲಿ ಕ್ಯಾಂಬರ್ ಹೆಸರೇ ಇರುತ್ತದೆ. ಯಾಕಂದ್ರೆ ಕ್ಯಾಂಬರ್ ಕಣ್ಣಿಗೆ ಕಾಣುತ್ತದೆ. ಕಾರಿನ ಹಿಂದೆ ನಿಂತು ನೋಡಿದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು, ಅಂದರೆ ಮೈನಸ್ (ನೆಗೆಟಿವ್) ಕ್ಯಾಂಬರ್, ಯಾರಿಗಾದರೂ ಗೊತ್ತಾಗುತ್ತದೆ. ಟೋ ಹಾಗಲ್ಲ. ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು ಟೋ. ಅದು ಡಿಗ್ರಿಯ ಹತ್ತನೇ ಒಂದು ಪಾಲಿನ ಲೆಕ್ಕ, ಬರಿಗಣ್ಣಿಗೆ ಸಿಗುವುದಿಲ್ಲ.

ಕ್ಯಾಂಬರ್ ಕಾರಿನ ಭಾರವನ್ನು ಒಳ ಅಂಚಿನ ಮೇಲೆ ಕೂರಿಸುತ್ತದೆ. ಟೋ ಆ ಅಂಚನ್ನು ರಸ್ತೆಗೆ ಉಜ್ಜುತ್ತದೆ. ಕೋಸಂಬರಿಗೆ ಕ್ಯಾರೆಟ್ ತುರಿಯುವಾಗ ಸುಮ್ನೆ ಒತ್ತಿ ಹಿಡಿದರೆ ತುರಿ ಬೀಳುವುದಿಲ್ಲ, ಒತ್ತಿ ಉಜ್ಜಬೇಕು ಅಲ್ವಾ? ಹಾಗೇ ಇದು. ಒಂದು ಚಕ್ರದ ಟೋ 0.2 ಡಿಗ್ರಿ ಇದ್ದರೆ, 1 ಕಿಲೋಮೀಟರ್ ಉರುಳುವಷ್ಟರಲ್ಲಿ ಸುಮಾರು ಮೂರೂವರೆ ಮೀಟರ್ ಅಡ್ಡಕ್ಕೆ ಎಳೆದ ಲೆಕ್ಕ. ದಿನಕ್ಕೆ 40 ಕಿಲೋಮೀಟರ್ ಓಡಿಸಿದರೆ 140 ಮೀಟರ್. ಅಷ್ಟೂ ಎಳೆತ ಅಗಲವಾದ ಟೈರಿನ ಎರಡು ಬೆರಳಿನಷ್ಟು ಜಾಗದ ಮೇಲೇ ಬಿದ್ದರೆ ಉಳಿಯುತ್ತಾ?

ಟೋ ತಪ್ಪಿದೆಯಾ ಅಂತ ನೋಡಲು ನಿಮ್ಮ ಕೈಯೇ ಸಾಕು. ತಂತಿ ಎದ್ದಿರುವ ಕಡೆ ಮಾತ್ರ ಮುಟ್ಟಬೇಡಿ, ಚುಚ್ಚುತ್ತದೆ. ಉಳಿದ ಕಡೆ ಟೈರಿನ ರಬ್ಬರ್ ಉಬ್ಬುಗಳ ಮೇಲೆ ಅಂಗೈಯನ್ನು ಹೊರಗಿಂದ ಒಳಕ್ಕೆ ಸವರಿ, ಆಮೇಲೆ ಒಳಗಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಡೆದರೆ ಟೋ ತಪ್ಪಿದೆ. ಎರಡೂ ಕಡೆಗೆ ಒಂದೇ ಥರ ನುಣ್ಣಗಿದ್ದು, ರಬ್ಬರ್ ಇಳಿಜಾರಾಗಿ ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ ಪಡಬಹುದು. ಅಲ್ಲಲ್ಲಿ ಹಳ್ಳ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಗಾಳಿಯ ವಿಷಯ ಇಲ್ಲಿ ಬರುವುದಿಲ್ಲ. ಗಾಳಿ ಜಾಸ್ತಿಯಾದರೆ ನಡುವೆ ಸವೆಯುತ್ತದೆ, ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತವೆ.

ಈಗ ಆ ಹಸಿರು ರಿಪೋರ್ಟ್. ನನಗೆ ಸಿಟ್ಟು ಬರುವುದು ಇಲ್ಲೇ. ಹಸಿರು ಅಂದರೆ ಮೆಷಿನ್‌ಗೆ ಕೊಟ್ಟಿರುವ ಮಿತಿಯ ಒಳಗಿದೆ ಅಂತ, ಅಷ್ಟೇ. ಯಾವ ಕಾರಿನ ಮಿತಿ? ಕಡಿಮೆ ಪವರ್‌ನ ಕೆಲವು ಆಕ್ಟೇವಿಯಾಗಳಿಗೆ ಹಿಂದೆ ಬೀಮ್ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ) ಬರುತ್ತದೆ, ನಿಮ್ಮ ಆರ್‌ಎಸ್‌ಗೆ ಮಲ್ಟಿ ಲಿಂಕ್, ಅಂದರೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಆರ್ಮ್‌ಗಳು. ಮೆನುವಿನಲ್ಲಿ ಬೇರೆ ಮಾಡೆಲ್ ಒತ್ತಿದ್ದರೆ ಆ ಹಸಿರಿಗೆ ಬೆಲೆಯೇ ಇಲ್ಲ. ಎಷ್ಟೋ ಕಡೆ ಮುಂದಿನ ಟೋ ಮಾತ್ರ ಸರಿ ಮಾಡಿ ಕಾರು ಇಳಿಸುತ್ತಾರೆ. ಪೋಲೋದಂಥ ಬೀಮ್ ಆಕ್ಸಲ್ ಕಾರಿನಲ್ಲಿ ಹಿಂದೆ ತಿರುಗಿಸಲು ಬೋಲ್ಟೇ ಇರುವುದಿಲ್ಲ, ಅದೇ ಅಭ್ಯಾಸ ಎಲ್ಲ ಕಾರಿಗೂ ಬಂದುಬಿಟ್ಟಿದೆ.

ರಿಪೋರ್ಟಲ್ಲಿ ‘ಟೋಟಲ್ ಟೋ’ ಒಂದನ್ನೇ ನೋಡಬೇಡಿ. ಹಿಂದಿನ ಎಡ ಚಕ್ರ ಮೈನಸ್ 0.10 ಡಿಗ್ರಿ (ಹೊರಕ್ಕೆ), ಬಲ ಚಕ್ರ ಪ್ಲಸ್ 0.30 (ಒಳಕ್ಕೆ) ಇದ್ದರೂ ಒಟ್ಟು 0.20 ಅಂತಲೇ ಬರುತ್ತದೆ. ಆ ಸಂಖ್ಯೆ ಹಸಿರಾಗಿರುತ್ತದೆ, ಕಾರು ಮಾತ್ರ ಸ್ವಲ್ಪ ಅಡ್ಡಡ್ಡ ಓಡುತ್ತಿರುತ್ತದೆ. ಇನ್ನೊಂದು ಗೊಂದಲ, ಡಿಗ್ರಿ ಮತ್ತು ಮಿನಿಟ್. ಒಂದು ಡಿಗ್ರಿಗೆ 60 ಮಿನಿಟ್. 0 ಡಿಗ್ರಿ 30 ಮಿನಿಟ್ ಅಂದರೆ ಅರ್ಧ ಡಿಗ್ರಿ. 0.30 ಡಿಗ್ರಿ ಅಂದರೆ ಬರೀ 18 ಮಿನಿಟ್. ಕಂಪನಿ ಪುಸ್ತಕದ ಮಿನಿಟ್‌ಗಳನ್ನು ಮೆಷಿನ್ ತೋರಿಸುವ ದಶಾಂಶದ ಜೊತೆ ಹಾಗೇ ಹೋಲಿಸುವವರನ್ನು ನೋಡಿದ್ದೇನೆ.

ಹಾಗಾದರೆ ಏನು ಮಾಡಿಸಬೇಕು? ಅಲೈನ್‌ಮೆಂಟ್‌ಗೆ ಮುಂಚೆ ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಹಿಂದಿನ ಆರ್ಮ್‌ಗಳ ಬುಶ್‌ಗಳನ್ನು (ಕೀಲುಗಳಲ್ಲಿರುವ ರಬ್ಬರ್) ಲಿವರ್ ಹಾಕಿ ಅಲ್ಲಾಡಿಸಿ ನೋಡಲು ಹೇಳಿ. ತಗ್ಗಿಸಿದ ಕಾರು, ನಮ್ಮೂರಿನ ಹಂಪ್‌ಗಳು, ವೈಟ್ ಟಾಪಿಂಗ್ (ಕಾಂಕ್ರೀಟ್) ಮುಗಿದು ಟಾರು ಶುರುವಾಗುವ ಕಡೆಯ ಮೆಟ್ಟಿಲು, ಇವೆಲ್ಲ ಸೇರಿ ಬುಶ್‌ಗಳನ್ನು ಬೇಗ ಮುಗಿಸುತ್ತವೆ. ಬುಶ್ ಹರಿದಿದ್ದರೆ ನಿಂತಾಗ ಒಂದು ಟೋ, ಓಡುವಾಗ ಇನ್ನೊಂದು. ಅಂಥ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ.

ಬುಶ್ ಸರಿಯಿದ್ದರೆ ಮೊದಲು ಹಿಂದೆ, ಆಮೇಲೆ ಮುಂದೆ. ಹಿಂದೆಯೂ ಮೊದಲು ಕ್ಯಾಂಬರ್, ಆಮೇಲೆ ಟೋ. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಅದಕ್ಕೆ. ನಿಮ್ಮ ಕಾರಿನಲ್ಲಿ ಎರಡಕ್ಕೂ ಬೇರೆ ಬೇರೆ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿಯುವ ಬೋಲ್ಟ್) ಇವೆ. ‘ಬೋಲ್ಟ್ ಜಾಮ್ ಆಗಿದೆ ಸಾರ್’ ಅನ್ನುವ ಉತ್ತರ ಬಂದರೆ ಬೇರೆ ಅಂಗಡಿ ಹುಡುಕಿ, ಅಥವಾ ಆ ಬೋಲ್ಟ್ ಹೊಸದು ಹಾಕಿಸಿ. ಆರ್ಮ್ ಬಿಚ್ಚಿ ಹಾಕಿದ್ದರೆ ಬೋಲ್ಟ್‌ಗಳನ್ನು ಕೊನೆಯದಾಗಿ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಇದ್ದಾಗಲೇ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಬುಶ್‌ನ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ನನ್ನನ್ನು ಕೇಳಿದರೆ ಸಿಟಿಯಲ್ಲಿ ಓಡುವ ಕಾರಿಗೆ ಹಿಂದೆ ಕ್ಯಾಂಬರ್ ಮೈನಸ್ ಒಂದೂವರೆ ಡಿಗ್ರಿ ಒಳಗೆ, ಎಡ ಬಲ ಹೆಚ್ಚುಕಮ್ಮಿ ಸಮ. ಟೋ ಎರಡೂ ಚಕ್ರಕ್ಕೆ ಸಮನಾಗಿ, ಸ್ವಲ್ಪವೇ ಒಳಕ್ಕೆ, ಒಟ್ಟು 10 ಮಿನಿಟ್ ಆಸುಪಾಸು. ಬೋಲ್ಟ್ ಪೂರ್ತಿ ತಿರುಗಿಸಿದರೂ ಕ್ಯಾಂಬರ್ ಮೈನಸ್ ಎರಡು ದಾಟಿಯೇ ನಿಂತರೆ ಆಗ ಕ್ಯಾಂಬರ್ ಕಿಟ್, ಅಂದರೆ ಉದ್ದ ಬದಲಾಯಿಸಬಹುದಾದ ಅಡ್ಜಸ್ಟಬಲ್ ಆರ್ಮ್ ತಗೊಳ್ಳಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಸ್ಪ್ರಿಂಗ್ ವಾಪಸ್ ಹಳೆಯದು ಹಾಕಿಸುವುದು ಇನ್ನೂ ಅಗ್ಗ. ಆದರೆ ಯಾರೂ ಕೇಳುವುದಿಲ್ಲ, ಬಿಡಿ.

ಚೆನ್ನೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವವರ ಲೆಕ್ಕ ಬೇರೆ. ತಿರುವಿನಲ್ಲಿ ಕಾರು ವಾಲಿದಾಗ ಟೈರ್ ಪೂರ್ತಿ ನೆಲಕ್ಕೆ ಕೂರಬೇಕು ಅಂತ ಅವರು ಮುಂದೆ ಜಾಸ್ತಿ ನೆಗೆಟಿವ್ ಕ್ಯಾಂಬರ್ ಇಡುತ್ತಾರೆ. ಅದೇ ಸೆಟ್ಟಿಂಗ್ ಇಟ್ಟುಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ತೆವಳಿದರೆ ಲಾಭ ಟೈರ್ ಅಂಗಡಿಗೆ ಮಾತ್ರ.

ಹೊಸ ಟೈರ್ ಎರಡೇ ತಗೊಳ್ಳುವುದಾದರೆ ಹಿಂದಕ್ಕೇ ಹಾಕಿಸಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿಯುವುದು ಕಷ್ಟ. ಟೈರ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಆಮೇಲೆ ಸರ್ವಿಸ್‌ಗೆ ಕಾಯದೆ, ಆಗಾಗ ಫೋನನ್ನು ಟೈರಿನ ಹಿಂದೆ ಹಿಡಿದು ಒಳ ಅಂಚಿನ ಫೋಟೋ ತೆಗೆದು ನೋಡಿ. ನಾಲ್ಕೂ ಟೈರ್ ಒಂದೇ ಸೈಜ್ ಇದ್ದರೆ ಹಿಂದೆ ಮುಂದೆ ಬದಲಾಯಿಸುತ್ತಿರಿ.

ಅಲೈನ್‌ಮೆಂಟ್‌ಗೆ ಮುಂಚಿನ ಮತ್ತು ಆಮೇಲಿನ ಎರಡೂ ಪ್ರಿಂಟ್ ಕೇಳಿ ತಗೊಳ್ಳಿ. ಹಿಂದಿನ ಚಕ್ರಗಳ ನಾಲ್ಕು ಸಂಖ್ಯೆ, ಅಂದರೆ ಎಡ ಬಲದ ಕ್ಯಾಂಬರ್ ಮತ್ತು ಟೋ, ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.