ಅಲ್ಲಿ ಎದ್ದದ್ದು ನೆಲ

ನಮಸ್ಕಾರ,

ಜಪಾನಿನ ನೋಟೋ ಪರ್ಯಾಯ ದ್ವೀಪದ ಭೂಕಂಪದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ವಾಕ್ಯಗಳನ್ನು ನನ್ನಿಂದ ಒಪ್ಪಲು ಆಗಲಿಲ್ಲ.

‘2024ರ ಜನವರಿ 1ರಂದು ಸಮುದ್ರ ಹೆದರಿ ಹಿಂದೆ ಸರಿಯಿತು’ ಎಂದಿದ್ದೀರಿ. ಸಮುದ್ರ ಎಲ್ಲಿಗೂ ಹೋಗಲಿಲ್ಲ. ನೆಲ ಮೇಲೆದ್ದಿತು, ಉತ್ತರ ಕರಾವಳಿಯ ಕೆಲವು ಕಡೆ ಸುಮಾರು 4 ಮೀಟರ್! ಮೀನುಗಾರರ ಬಂದರುಗಳ ತಳ ನೀರಿಲ್ಲದೆ ಹೊರಗೆ ಕಂಡಿತು. ಪಾಚಿ ಅಂಟಿದ್ದ ಬಂಡೆಗಳು ಒಣಗಿ ಬಿಳಿಚಿಕೊಂಡವು. ಇಷ್ಟೆಲ್ಲ ಇದ್ದೂ ‘ಹೆದರಿ’ ಯಾಕೆ ಬೇಕು? ಆ ಒಂದು ಪದದ ಹಿಂದೆ ಇಡೀ ಘಟನೆ ಮರೆಯಾಗಿದೆ.

ನೆಲ ಯಾಕೆ ಎದ್ದಿತು ಎಂಬುದೇ ನಿಮ್ಮ ಲೇಖನದ ಜೀವ ಆಗಬೇಕಿತ್ತು. ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಜಪಾನ್ ಸಮುದ್ರ ಬಾಯಿ ತೆರೆಯುವಾಗ, ಅಲ್ಲಿನ ಭೂಪದರ ಎಳೆತಕ್ಕೆ ಸಿಕ್ಕಿ ಬಿರುಕು ಬಿಟ್ಟಿತು. ಈಗ ಅದೇ ಜಾಗದ ಮೇಲೆ ಒತ್ತಡ ಬೀಳುತ್ತಿದೆ. ಹಾಗಾಗಿ ಹಳೆಯ ಬಿರುಕುಗಳು ಉಲ್ಟಾ ದಿಕ್ಕಿನಲ್ಲಿ ಸರಿಯುತ್ತವೆ. ತೀರದ ಹತ್ತಿರ ಕಡಲ ತಳದಲ್ಲಿರುವ ಈ ಸ್ತರಭಂಗಗಳು ನೋಟೋದ ಅಡಿಗೆ ಓರೆಯಾಗಿ ಇಳಿಯುತ್ತವೆ. ಮೇಲಿರುವ ಬಂಡೆ ಆ ಓರೆಯ ಮೇಲೆ ಹತ್ತಿದರೆ ಕರಾವಳಿಯೇ ಎದ್ದು ಬರುತ್ತದೆ. ಹಿಂದೆಯೂ ಹೀಗೇ ಎದ್ದ ನೆಲ ಅಲ್ಲಿ ಮೆಟ್ಟಿಲುಗಳಂತೆ ಉಳಿದಿದೆ.

ನಾನು ಕೆಲಸ ಕಲಿಯುವಾಗ ಹಿರಿಯ ಸಂಪಾದಕರೊಬ್ಬರು ಪ್ರತಿ ವರದಿಯನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ‘ಬೆಳಿಗ್ಗೆ ಅಲ್ಲಿ ಏನಿತ್ತು, ಸಂಜೆ ಏನಿತ್ತು ಹೇಳು’ ಎನ್ನುತ್ತಿದ್ದರು. ಉತ್ತರ ವರದಿಯೊಳಗೆ ಸಿಗದಿದ್ದರೆ ಹಾಳೆ ವಾಪಸ್. ನಿಮ್ಮ ವಾಕ್ಯ ಓದುವಾಗ ಅವರ ದನಿ ಕಿವಿಯಲ್ಲಿತ್ತು.

ಎರಡನೆಯದು: ‘ಇದ್ದಕ್ಕಿದ್ದಂತೆ ಭೂಮಿ ಮುನಿಯಿತು.’ ಇದ್ದಕ್ಕಿದ್ದಂತೆ ಅಲ್ಲವೇ ಅಲ್ಲ. 2020ರ ಕೊನೆಯಿಂದಲೇ ಅಲ್ಲಿ ಸಣ್ಣ ಕಂಪನಗಳು ಸಾಲುಗಟ್ಟಿ ಬರುತ್ತಿದ್ದವು. 2023ರ ಮೇ ತಿಂಗಳಲ್ಲಿ 6.5 ತೀವ್ರತೆಯದು ಬಂತು. 7.6ರ ಭೂಕಂಪ ಆದದ್ದು ಆಮೇಲೆ. ಮೂರು ವರ್ಷ ನಡುಗುವ ನೆಲದ ಮೇಲೆ ಬದುಕಿದವರನ್ನು ನಿಮ್ಮ ಒಂದು ಪದ ಅಳಿಸಿಹಾಕಿತು, ಅಲ್ವಾ? ನನಗೆ ನಿಜಕ್ಕೂ ನೋವಾದದ್ದು ಇಲ್ಲಿ.

ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಸುನಾಮಿಯ ಭಾಗ ಹಾಗೇ ಇರಲಿ.