ದುಬಾರಿ ವಾಚುಗಳ ಬೆಲೆ ಏರುತ್ತಲೇ ಇದೆಯಲ್ಲ, ಇದು ಗುಳ್ಳೆಯಾ?

ಶೋರೂಂ ಬೆಲೆಯಲ್ಲಿ ಗುಳ್ಳೆ ಇಲ್ಲ. ಮರುಮಾರಾಟದ ಬೆಲೆಯಲ್ಲಿ ಇತ್ತು, ಅದು 2022ರಲ್ಲೇ ಒಡೆಯಿತು. (ಮುಂದೆ ಇನ್ನೂ ಏರುತ್ತದೆ ಅಂತ ಜನ ಕೊಳ್ಳುತ್ತಾ ಹೋಗಿ ಬೆಲೆ ಊದಿಕೊಂಡು ಕೊನೆಗೆ ಕುಸಿಯುವುದೇ ಗುಳ್ಳೆ.)

ಶೋರೂಂ ಬೆಲೆಯನ್ನು ಕಂಪನಿಯೇ ನಿಗದಿ ಮಾಡುತ್ತದೆ. ಚಿನ್ನವೋ ಸ್ವಿಸ್ ಫ್ರಾಂಕೋ (ಇಂಥ ಹೆಚ್ಚಿನ ವಾಚುಗಳು ತಯಾರಾಗುವ ಸ್ವಿಟ್ಜರ್ಲೆಂಡಿನ ಹಣ) ಏರಿದರೆ, ಇಲ್ಲಿ ರೂಪಾಯಿ ಇಳಿದರೆ ಅದೂ ಏರುತ್ತದೆ. ಇಳಿಯುವುದು ಅಪರೂಪ.

ಮರುಮಾರಾಟದ ಕಥೆ ಬೇರೆ. ರೋಲೆಕ್ಸ್ ಡೇಟೋನಾದಂಥ ಕೆಲವು ಮಾಡೆಲ್‌ಗಳಿಗೆ ಗಿರಾಕಿ ಜಾಸ್ತಿ, ಮಾಲು ಕಡಿಮೆ. ಹಾಗಂತ ಕಂಪನಿ ಬೆಲೆಯನ್ನು ಗಿರಾಕಿ ಕೊಡಲು ಸಿದ್ಧನಿರುವಷ್ಟಕ್ಕೆ ಏರಿಸುವುದಿಲ್ಲ, ಕಾಯುವವರ ಸಾಲು ಬೆಳೆಯಲು ಬಿಡುತ್ತದೆ. ಹಾಗಾಗಿ ಶೋರೂಂನಲ್ಲಿ ವಾಚು ಸಿಕ್ಕವರು ಹೊರಗೆ ಮಾರಿದರೆ ಕೂಡಲೇ ಲಾಭ. ಇದು ಗೊತ್ತಾದ ಮೇಲೆ ವಾಚು ಕಟ್ಟುವ ಆಸೆಯೇ ಇಲ್ಲದವರೂ ಸಾಲಿಗೆ ಬರುತ್ತಾರೆ. ಸಾಲು ಉದ್ದವಾದಷ್ಟೂ ಹೊರಗಿನ ಬೆಲೆ ಮತ್ತಷ್ಟು ಮೇಲೆ. ಗುಳ್ಳೆ ಊದುವುದು ಇಲ್ಲೇ. (ನಮ್ಮ ಬೆಂಗಳೂರಿನ ಎಚ್‌ಎಂಟಿ ವಾಚಿಗೂ ಒಂದು ಕಾಲದಲ್ಲಿ ಜನ ಕಾಯುತ್ತಿದ್ದರು, ಆದರೆ ಕೈಗೆ ಕಟ್ಟಿಕೊಳ್ಳುವುದಕ್ಕೆ!)

ಕೋವಿಡ್ ಕಾಲದಲ್ಲಿ ಕಡಿಮೆ ಬಡ್ಡಿಯ ಸಾಲ, ಬಿಟ್‌ಕಾಯಿನ್‌ನಂಥ ಕ್ರಿಪ್ಟೋದಲ್ಲಿ ಬಂದ ದುಡ್ಡು ಎರಡೂ ಇದಕ್ಕೆ ಸೇರಿಕೊಂಡವು. ಸ್ವಿಸ್ ವಾಚು ಕಂಪನಿ ಪಾಟೆಕ್ ಫಿಲಿಪ್ 2021ರಲ್ಲಿ ತನ್ನ ನಾಟಿಲಸ್ 5711 ಮಾಡೆಲ್ ನಿಲ್ಲಿಸುತ್ತೇವೆ ಅಂದದ್ದೇ ತಡ, ಅದು ಶೋರೂಂ ಬೆಲೆಯ ಮೂರು ಪಟ್ಟಿಗಿಂತ ಮೇಲೆ ಹೋಯಿತು. 2022ರಲ್ಲಿ ಬಡ್ಡಿ ಏರಿತು, ಕ್ರಿಪ್ಟೋ ಬಿತ್ತು, ಮಾರುವುದಕ್ಕೇ ಕೊಂಡಿದ್ದವರೆಲ್ಲ ಒಟ್ಟಿಗೆ ಮಾರಲು ನಿಂತರು. ಬೆಲೆ ಜಾರಿತು.

ಹೂಡಿಕೆ ಅಂತ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಬೆಂಗಳೂರಿನ ಯುಬಿ ಸಿಟಿ ಮಾಲ್‌ಗೆ ಹೋಗಿ ಕಾಯದೇ ಕೊಳ್ಳಬಹುದಾದ ಬಹುತೇಕ ವಾಚುಗಳು ಮರುಮಾರಾಟದಲ್ಲಿ ಕೊಟ್ಟ ದುಡ್ಡಿಗಿಂತ ಕಡಿಮೆಗೇ ಹೋಗುವುದು. ಅಂಥದ್ದನ್ನು ಇಷ್ಟಪಟ್ಟು ಕಟ್ಟಿಕೊಳ್ಳುವುದಾದರೆ ಮಾತ್ರ ಕೊಳ್ಳಿ.