ಹದಿನಾಲ್ಕನೇ ಸ್ಥಾನ ಅಚ್ಚಿನ ತಪ್ಪಲ್ಲ

ಹೊಸದುರ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ 1931ರ ಪ್ರಾಗ್ ಚೆಸ್ ಒಲಿಂಪಿಯಾಡಿನ ಪಟ್ಟಿ ಹಾಕಿದ್ದೀರಿ. ವಿಶ್ವ ಚಾಂಪಿಯನ್ ಅಲೆಖಿನ್ ಆಡಿದ ಫ್ರಾನ್ಸ್ 14ನೇ ಸ್ಥಾನದಲ್ಲಿದೆ. ಅಚ್ಚಿನ ತಪ್ಪೇ? ನಮ್ಮ ಸುಲ್ತಾನ್ ಖಾನ್ ಇಂಗ್ಲೆಂಡ್ ತಂಡಕ್ಕೆ ಹೇಗೆ ಸೇರಿದರು? ನಮ್ಮಲ್ಲಿ ಏಳು ಶಾಲೆಗಳ ತಂಡಗಳಿವೆ, ನಾಲ್ಕು ನಾಲ್ಕು ಬೋರ್ಡು. ಅದೇ ಪದ್ಧತಿಯಲ್ಲಿ ಆಡಿಸಬಹುದೇ?"

ಸಂಪಾದಕರ ಉತ್ತರ:

ಪಟ್ಟಿ ಸರಿಯಾಗಿಯೇ ಇದೆ. ಒಂದು ಪಂದ್ಯವೆಂದರೆ ಎರಡು ತಂಡಗಳ ನಡುವೆ ನಾಲ್ಕು ಬೋರ್ಡಿನ ನಾಲ್ಕು ಆಟ; ಗೆದ್ದ ಆಟಕ್ಕೆ ಒಂದು ಅಂಕ, ಡ್ರಾಗೆ ಅರ್ಧ. ಅಲೆಖಿನ್ ಫ್ರಾನ್ಸಿನ ಮೊದಲ ಬೋರ್ಡಿನಲ್ಲಿ 18 ಆಟ ಆಡಿ 10 ಗೆದ್ದರು, 7 ಡ್ರಾ ಮಾಡಿಕೊಂಡರು. ಸೋತದ್ದು ಒಂದೇ, ಲಾಟ್ವಿಯಾದ ಮಾಟಿಸನ್ಸ್ ಕೈಲಿ. ಅಲ್ಲಿಗೆ ಅವರದು 13½ ಅಂಕ. ತಂಡದ ಮೊತ್ತ 29½. ಕಳೆದು ನೋಡಿ: ಉಳಿದ ಮೂರು ಬೋರ್ಡುಗಳು 54 ಆಟ ಆಡಿ ತಂದದ್ದು 16 ಅಂಕ ಮಾತ್ರ. ಮೊದಲ ಬೋರ್ಡಿನಲ್ಲಿ ಎಂಥ ಘಟಾನುಘಟಿ ಕೂತರೂ ಒಂದು ಸುತ್ತಿಗೆ ಅವನಿಂದ ಬರುವುದು ಹೆಚ್ಚೆಂದರೆ ಒಂದು ಅಂಕ.

ಗೆದ್ದ ಅಮೆರಿಕದ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. ಕಾಶ್ಡನ್ 17 ಆಟಕ್ಕೆ 12, ಮಾರ್ಷಲ್ 16ಕ್ಕೆ 10½, ಡೇಕ್ 14ಕ್ಕೆ 10, ಹೊರೊವಿಟ್ಸ್ 13ಕ್ಕೆ 9, ಸ್ಟೈನರ್ 12ಕ್ಕೆ 6½. ಒಟ್ಟು 72 ಆಟ, 48 ಅಂಕ. ಅಲೆಖಿನ್‌ರಷ್ಟು ಅಂಕ ಈ ಐವರಲ್ಲಿ ಯಾರಿಗೂ ಬಂದಿಲ್ಲ. ಐವರಲ್ಲಿ ಒಬ್ಬರೂ ಎಲ್ಲ 18 ಪಂದ್ಯ ಆಡಿಲ್ಲ ಎಂಬುದನ್ನೂ ಗಮನಿಸಿ. ಜುಲೈ 11ರಿಂದ 26, ಅಂದರೆ 16 ದಿನದಲ್ಲಿ 19 ಸುತ್ತು (ಪ್ರತಿ ತಂಡಕ್ಕೂ ಒಂದು ಸುತ್ತು ರಜೆ) ಮುಗಿಯಬೇಕಿತ್ತು. ಐದನೆಯ ಆಟಗಾರ ಅಲ್ಲಿ ಮೀಸಲು ಎಂಬುದು ಹೆಸರಿಗಷ್ಟೇ. ಉಳಿದ ನಾಲ್ವರಿಗೆ ಉಸಿರಾಡಲು ಬಿಡುವು ಸಿಕ್ಕಿದ್ದೇ ಅವನಿಂದ.

ಆಗಿನ ನಿಯಮದಲ್ಲಿ ಪಂದ್ಯ ಗೆದ್ದರೋ ಸೋತರೋ ಎಂಬುದಕ್ಕಿಂತ ಬೋರ್ಡುಗಳ ಅಂಕದ ಮೊತ್ತವೇ ಮುಖ್ಯ. 2½–1½ರಲ್ಲಿ ಗೆದ್ದರೆ ಎದುರಾಳಿಗೂ ಒಂದೂವರೆ ಅಂಕ ದಕ್ಕುತ್ತಿತ್ತು. ಅದಕ್ಕೇ ಮೇಲಿನ ಒಂಬತ್ತು ತಂಡಗಳು ಅಷ್ಟು ಒತ್ತೊತ್ತಾಗಿವೆ: ಅಮೆರಿಕ 48, ಪೋಲೆಂಡ್ 47, ಚೆಕೊಸ್ಲೊವಾಕಿಯಾ 46½, ಯುಗೊಸ್ಲಾವಿಯಾ 46, ಜರ್ಮನಿ, ಲಾಟ್ವಿಯಾ, ಸ್ವೀಡನ್ ಮೂರಕ್ಕೂ 45½, ಆಸ್ಟ್ರಿಯಾ 45, ಇಂಗ್ಲೆಂಡ್ 44. ಗೆಲ್ಲುವ ಆಟವನ್ನು ಯಾರೋ ಒಬ್ಬರು ಡ್ರಾಕ್ಕೆ ಬಿಟ್ಟುಕೊಟ್ಟರೂ ತಂಡ ಒಂದು ಮೆಟ್ಟಿಲು ಇಳಿಯಬಹುದಿತ್ತು. 1927, 1928 ಎರಡೂ ಸಲ ಗೆದ್ದಿದ್ದ ಹಂಗೆರಿಗೆ ಇಲ್ಲಿ 39½, ಹತ್ತನೇ ಸ್ಥಾನ. ಒಲಿಂಪಿಯಾಡಿನಲ್ಲಿ ಪಂದ್ಯದ ಗೆಲುವಿಗೇ ಮೊದಲ ಲೆಕ್ಕ ಎಂದಾದದ್ದು 2008ರಿಂದ.

ಸುಲ್ತಾನ್ ಖಾನ್ ವಿಷಯ. ಪಂಜಾಬಿನ ಅವರು ತಮ್ಮ ಆಶ್ರಯದಾತ ಸರ್ ಉಮರ್ ಹಯಾತ್ ಖಾನ್ ಜೊತೆ ಇಂಗ್ಲೆಂಡಿಗೆ ಹೋಗಿ 1929ರಲ್ಲೇ ಬ್ರಿಟಿಷ್ ಚಾಂಪಿಯನ್ ಆದರು. ಆಗ ಒಲಿಂಪಿಯಾಡಿನಲ್ಲಿ ಭಾರತದ ತಂಡವೇ ಇರಲಿಲ್ಲ. ನಮ್ಮವರು ಮೊದಲು ಹೋದದ್ದು 1956ರಲ್ಲಿ, ಮಾಸ್ಕೋಗೆ. ಪ್ರಾಗ್‌ನಲ್ಲಿ ಖಾನ್ ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ ಕೂತು 8 ಗೆದ್ದು, 7 ಡ್ರಾ ಮಾಡಿ, 2 ಸೋತರು. ಅವರ ಕೈಲಿ ಸೋತವರಲ್ಲಿ ಆಗಿನ ಹೆಸರಾಂತ ಆಟಗಾರರಾದ ಫ್ಲೋರ್, ರೂಬಿನ್‌ಸ್ಟೈನ್ ಇದ್ದಾರೆ. ಅಲೆಖಿನ್ ಜೊತೆ ಡ್ರಾ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುವ ನಮ್ಮ ಹಳೆಯ ಚದುರಂಗ ಕಲಿತು ಬೆಳೆದವರು ಅವರು ಎಂಬುದನ್ನು ನೆನೆದರೆ ಈ ಅಂಕದ ತೂಕ ತಿಳಿಯುತ್ತದೆ.

ಇನ್ನು ನಿಮ್ಮ ಏಳು ತಂಡ. ಪ್ರಾಗ್‌ನಂತೆ ನಿಮ್ಮದೂ ಬೆಸ ಸಂಖ್ಯೆ, ಆದ್ದರಿಂದ ಪ್ರತಿ ಸುತ್ತಿಗೆ ಒಂದು ತಂಡಕ್ಕೆ ರಜೆ. ಏಳು ಸುತ್ತು, ಸುತ್ತಿಗೆ ಮೂರು ಪಂದ್ಯ, ಒಟ್ಟು 21 ಪಂದ್ಯ, 84 ಆಟ. ಒಂದು ಸುತ್ತಿಗೆ 12 ಬೋರ್ಡು ಸಾಕು. ಜೋಡಿ ಹಾಕಲು ಚೀಟಿ ಎತ್ತಬೇಡಿ, ನಾಲ್ಕನೇ ಸುತ್ತಿಗೆ ಬರುವಷ್ಟರಲ್ಲಿ ಆಡಿದವರೇ ಮತ್ತೆ ಎದುರಾಗುತ್ತಾರೆ. ಮೊದಲ ಸುತ್ತಿಗೆ 1ಕ್ಕೆ ರಜೆ, 2–7, 3–6, 4–5 ಎಂದು ಬರೆಯಿರಿ. ಮುಂದಿನ ಸುತ್ತಿಗೆ ಪ್ರತಿ ಸಂಖ್ಯೆಗೂ ಒಂದು ಕೂಡಿಸಿ, 7ರ ಮುಂದೆ 1: 2ಕ್ಕೆ ರಜೆ, 3–1, 4–7, 5–6. ಹೀಗೇ ಏಳು ಸಲ ಮಾಡಿದರೆ ಎಲ್ಲರೂ ಎಲ್ಲರೊಂದಿಗೂ ಒಮ್ಮೆ ಆಡಿರುತ್ತಾರೆ. ಒಂದು ತಂಡಕ್ಕೆ 1 ಮತ್ತು 3ನೇ ಬೋರ್ಡಿನಲ್ಲಿ ಬಿಳಿ ಕೊಟ್ಟರೆ ಇನ್ನೊಂದಕ್ಕೆ 2 ಮತ್ತು 4ರಲ್ಲಿ ಬಿಳಿ.

ಬೋರ್ಡುಗಳ ಕ್ರಮವನ್ನು ಮೊದಲ ಸುತ್ತಿಗೆ ಮುಂಚೆಯೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಎರಡನೇ ಸುತ್ತಿಗೇ ಯಾವುದೋ ಶಾಲೆ ತನ್ನ ದುರ್ಬಲ ಹುಡುಗನನ್ನು ಮೊದಲ ಬೋರ್ಡಿಗೆ ಬಲಿಕೊಟ್ಟು ಕೆಳಗಿನ ಮೂರರಲ್ಲಿ ಅಂಕ ಬಾಚುತ್ತದೆ. ಒಬ್ಬ ಬಾರದಿದ್ದರೆ ಕೆಳಗಿನವರು ಒಂದೊಂದು ಮೇಲೆ ಸರಿಯಬೇಕು, ಖಾಲಿ ಉಳಿಯುವುದು ಕೊನೆಯ ಬೋರ್ಡೇ ಆಗಿರಬೇಕು.

ಮಧ್ಯದಲ್ಲಿ ತಂಡವೊಂದು ಎದ್ದು ಹೋದರೆ ತಲೆನೋವು ದೊಡ್ಡದು. ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿ ಹೋಗಿದ್ದರೆ ಅದರ ಎಲ್ಲ ಫಲಿತಾಂಶವನ್ನೂ ಪಟ್ಟಿಯಿಂದ ತೆಗೆಯಿರಿ. ಅಂಕದ ಮೊತ್ತ ಎಣಿಸುವ ಪದ್ಧತಿಯಲ್ಲಿ ಉಳಿದವರಿಗೆ ಪುಕ್ಕಟೆಯಾಗಿ 4–0 ಹಂಚಿದರೆ, ಮೊದಲೇ ಆ ತಂಡದೊಂದಿಗೆ ಬೆವರು ಸುರಿಸಿ 2½ ಗಳಿಸಿದವರಿಗೆ ಅನ್ಯಾಯ.

ತಾಳೆ ನೋಡುವುದು ಸುಲಭ. ಫಲಿತಾಂಶದ ಪಟ್ಟಿಯಲ್ಲಿ ಎರಡು ತಂಡಗಳ ಎದುರುಬದುರು ಮನೆಗಳನ್ನು ಕೂಡಿದರೆ 4 ಬರಬೇಕು, ಎಲ್ಲ ತಂಡಗಳ ಅಂಕಗಳ ಮೊತ್ತ 84 ಆಗಬೇಕು. ಪ್ರಾಗ್‌ನ ಪಟ್ಟಿಯನ್ನು ಅಚ್ಚಿಗೆ ಕಳಿಸುವ ಮುನ್ನ ನೋಡಿದ್ದೂ ಹೀಗೆಯೇ: 19 ತಂಡ, 171 ಪಂದ್ಯ, 684 ಅಂಕ. ನಿಮ್ಮ ಮೊತ್ತ 83½ ಬಂದರೆ ಮೊದಲು ಡ್ರಾ ಆದ ಆಟಗಳನ್ನು ಹುಡುಕಿ. ಒಬ್ಬರಿಗೆ ಅರ್ಧ ಬರೆದು ಇನ್ನೊಬ್ಬರಿಗೆ ಮರೆತಿರುತ್ತಾರೆ.